ಗೆದ್ದಾಗೆಲ್ಲ ಒಂದೊಂದು ಬಿಟ್ಟವನು

ಮದುವೆಯ ಪಂಕ್ತಿಯಲ್ಲಿ ಕಾಂತೇಶನ ಪಕ್ಕ ಕುಳಿತವರಿಗೆ ನೆಮ್ಮದಿಯ ಊಟವಿಲ್ಲ. ಎಲೆ ಹಾಸಿ ನೀರು ಚಿಮುಕಿಸಿದ್ದೇ ತಡ, ಅವನ ಎಡಗೈ ಎಲೆಯ ಮೇಲೆ ಅಡ್ಡ ಬರುತ್ತದೆ. ಹೋಳಿಗೆ ಬಂದರೆ ಕೈ ಅಡ್ಡ, ಅದರ ಬೆನ್ನಿಗೇ ತುಪ್ಪ ಬಂದರೆ ಅಡ್ಡ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಬೇಳೆ ಸಾರು, ಮೊಸರು, ಮಜ್ಜಿಗೆ, ಯಾವುದು ಬಂದರೂ ಬಡಿಸುವವರು ಬಾಗುತ್ತಾರೆ, ಕೈ ಅಲುಗುವುದಿಲ್ಲ, ಅವರು ಮುಖ ಸಣ್ಣದು ಮಾಡಿಕೊಂಡು ಮುಂದಿನ ಎಲೆಗೆ ಹೋಗುತ್ತಾರೆ. ಕೊನೆಗೆ ಅವನ ಎಲೆಯಲ್ಲಿ ಉಳಿಯುವುದು ಎರಡು ರೊಟ್ಟಿ, ಒಂದಿಷ್ಟು ಸೊಪ್ಪಿನ ಪಲ್ಯ, ಉಪ್ಪಿನಕಾಯಿಯ ರಸ ಹಚ್ಚಿದ ಬಿಳಿ ಅನ್ನ. ಮನೆಯ ಯಜಮಾನ ಬಂದು, ನಮ್ಮ ಮನೆಯ ಊಟ ಸೇರಲಿಲ್ಲವೇ ಎಂದು ನೊಂದುಕೊಂಡು ಕೇಳಿದರೆ ಕಾಂತೇಶ ತಲೆ ಎತ್ತದೆ, 'ಸಾಕಲ್ರಿ' ಎನ್ನುತ್ತಾನೆ. ಈ 'ಸಾಕಲ್ರಿ' ಅವನ ಬಾಯಿಯ ಶಾಶ್ವತ ನಿವಾಸಿ. ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕರೂ ಅದೇ ಮಾತು, ದೀಪಾವಳಿಗೆ ಅಂಗಡಿಯ ಸಾಹುಕಾರ ಅಂಗಿ ಬಟ್ಟೆ ಕೊಟ್ಟಾಗಲೂ ಅದೇ ಮಾತು.

ಈಗ ಅವನಿಗೆ ಮೂವತ್ಮೂರು. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸ. ಎರೆಹೊಲಕ್ಕೆ ಯಾವ ಹತ್ತಿ, ಮಸಾರಿಯ ಕೆಂಪು ನೆಲಕ್ಕೆ ಯಾವ ಗೋವಿನಜೋಳ ಎಂದು ರೈತರಿಗೆ ತಿಳಿಸಿ ಹೇಳುವುದರಲ್ಲಿ ಅವನಿಗೆ ಒಳ್ಳೆಯ ಹೆಸರಿದೆ. ನಡೆಯುವಾಗ ಅವನ ಹಿಮ್ಮಡಿ ನೆಲಕ್ಕೆ ಊರುವುದೋ ಇಲ್ಲವೋ ಎಂಬಂತೆ ಊರುತ್ತದೆ. ಗೋದಾಮಿನಿಂದ ಬೀಜದ ಚೀಲ ಹೊತ್ತು ತರುವಾಗಲೂ ಮುಂಗಾಲಿನ ಮೇಲೆಯೇ ತರುತ್ತಾನೆ. ಚಳಿಯಿರಲಿ ಸೆಖೆಯಿರಲಿ, ಮುಂಜಾನೆ ಒಂದು ನೀಲಿ ಜಾಕೀಟು ತೊಡುತ್ತಾನೆ. ಅದರ ಬೆನ್ನ ಮೇಲೆ ಒಂದು ಕಾಲಕ್ಕೆ 'ಬೆಳಗಾವಿ ವಿಭಾಗ' ಎಂದು ಬರೆದಿತ್ತು. ಈಗ ಅಕ್ಷರಗಳು ಉದುರಿ, ಗೊತ್ತಿದ್ದವರು ಮಾತ್ರ ಊಹಿಸಿಕೊಂಡು ಓದಬೇಕು. ನಾನು ಗೊತ್ತಿದ್ದವರ ಪೈಕಿ.

ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ನಿವೃತ್ತನಾದ ಮೇಲೆ ರಾಣೆಬೆನ್ನೂರಿಗೆ ಬಂದು ನೆಲೆಸಿದೆ. ಕಾಂತೇಶ ಎಂಟನೆಯ ಇಯತ್ತೆಗೆ ಕದರಮಂಡಲಗಿಯಿಂದ ನಮ್ಮ ಶಾಲೆಗೆ ಬಂದ. ಆ ಊರಿನ ಆಂಜನೇಯನಿಗೆ ಕಾಂತೇಶನೆಂದೇ ಹೆಸರು. ಅಲ್ಲಿಯ ಓಣಿಯಲ್ಲಿ ನಿಂತು ಕಾಂತೇಶಾ ಎಂದು ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ನಮ್ಮ ಕಾಂತೇಶ ಬಸ್ಸು ತಪ್ಪಿದ ದಿನ ಶಾಲೆಗೆ ಓಡಿಯೇ ಬರುತ್ತಿದ್ದ, ಆಮೇಲಾಮೇಲೆ ಬಸ್ಸನ್ನು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ರಸ್ತೆಯಲ್ಲಿ ಹೋಗುವವರೆಲ್ಲ ಘಾಟಿಗೆ ಹೆದರಿ ಮೂಗಿಗೆ ಟವೆಲು ಹಿಡಿದುಕೊಂಡಿದ್ದರೆ, ಇವನು ಬಾಯಿ ತೆರೆದುಕೊಂಡು ಆ ಗಾಳಿಯನ್ನೇ ಕುಡಿಯುತ್ತ, ಒಮ್ಮೆಯೂ ಕೆಮ್ಮದೆ ಓಡಿಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪಿ.ಟಿ. ಮಾಸ್ತರು ಶಾಬುದ್ದೀನರು ಅದನ್ನು ಕಂಡ ದಿನವೇ ಸುಣ್ಣದ ಪುಡಿ ತರಿಸಿ ಮೈದಾನದಲ್ಲಿ ಗೆರೆ ಹಾಕಿಸಿದರು. ಮೂರು ಸಾವಿರ ಮೀಟರಿನ ಓಟವೆಂದರೆ ಏಳೂವರೆ ಸುತ್ತು. ಉಳಿದ ಹುಡುಗರು ನಾಲ್ಕನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಬಗ್ಗುವ ಹೊತ್ತಿಗೆ ಕಾಂತೇಶ ಹಿಂದಿನಿಂದ ಬಂದು, 'ಸರಕೋರಿ' ಎಂದು ವಿನಯದಿಂದ ಹೇಳಿ ದಾಟಿಹೋಗುತ್ತಿದ್ದ.

ಮೊದಲ ತಾಲೂಕು ಕ್ರೀಡಾಕೂಟದ ಮುನ್ನಾದಿನ ಅವನ ತಾಯಿ ಉಚ್ಚಂಗೆವ್ವ ಮಗನಿಗೆ ಒಂದು ಮಾತು ಕೇಳಿದಳಂತೆ, ಗೆದ್ದರೆ ಹನುಮಪ್ಪನಿಗೆ ಏನು ಕೊಡುತ್ತೀ ಎಂದು. ಆಕೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳು. ಬೆಳ್ಳಿಯ ಕಣ್ಣು, ಹಿತ್ತಾಳೆಯ ಗಂಟೆ ಎಂದು ಬೇಡಿಕೊಳ್ಳುವ ಯೋಗ್ಯತೆ ತಮ್ಮದಲ್ಲವೆಂದು ಆಕೆಗೆ ಗೊತ್ತಿತ್ತು. ಕೈಯಲ್ಲಿ ಕೊಡಲು ಏನೂ ಇಲ್ಲದವರು ನಾಲಿಗೆಯಿಂದ ಕೊಡುತ್ತಾರೆ. ತನಗೆ ಪ್ರಿಯವಾದ ಒಂದು ತಿನಿಸನ್ನು ದೇವರ ಹೆಸರಿನಲ್ಲಿ ಬಿಟ್ಟುಬಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹುಡುಗ ಸಿಹಿ ಬಿಡುತ್ತೇನೆ ಎಂದ. ಮರುದಿನ ಅರ್ಧ ಸುತ್ತಿನ ಅಂತರದಲ್ಲಿ ಗೆದ್ದ. ಆ ಮಧ್ಯಾಹ್ನ ಶಾಬುದ್ದೀನರು ಖುಷಿಯಿಂದ ತರಿಸಿದ ಪೇಢೆಯನ್ನು ಅವನು ಹಣೆಗೊತ್ತಿಕೊಂಡು ಪಕ್ಕದ ಹುಡುಗನಿಗೆ ದಾಟಿಸಿದ. ನಮಗೆಲ್ಲ ಅದು ಬಹಳ ಮುದ್ದಾಗಿ ಕಂಡಿತು.

ಒಂದು ಹರಕೆಗೆ ನಿಂತಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಕಾಂತೇಶನ ತರ್ಕ ಗಣಿತದಷ್ಟು ನೇರವಾಗಿತ್ತು: ದೊಡ್ಡ ಗೆಲುವಿಗೆ ದೊಡ್ಡದನ್ನೇ ಬಿಡಬೇಕು. ಒಂಬತ್ತನೆಯ ಇಯತ್ತೆಯಲ್ಲಿ ಹಾವೇರಿಯ ಜಿಲ್ಲಾ ಕೂಟ ಗೆದ್ದು ಶೇಂಗಾ ಬಿಟ್ಟ. ನಮ್ಮ ಅಡಿಗೆಮನೆಯನ್ನು ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ; ಹಿಂಡಿಯೆಂಬ ಚಟ್ನಿಪುಡಿಗೆ ಶೇಂಗಾ, ಎಣ್ಣೆಗಾಯಿಗೆ ಶೇಂಗಾ, ಅವಲಕ್ಕಿಗೆ ಶೇಂಗಾ, ಬಡವರ ಮನೆಯ ಮಕ್ಕಳ ಮೈಗೆ ಕಸುವು ಬರುವುದೇ ಅದರಿಂದ. ಅದೇ ವರ್ಷ ವಿಭಾಗಮಟ್ಟದಲ್ಲಿ ಗೆದ್ದು ಆ ನೀಲಿ ಜಾಕೀಟು ತೊಟ್ಟುಕೊಂಡು ಬಂದ, ಮನೆಯಲ್ಲಿ ಒಂದು ಎಮ್ಮೆ ಕಟ್ಟಿದ್ದರೂ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಬಿಟ್ಟ. ಹತ್ತನೆಯ ಇಯತ್ತೆಯಲ್ಲಿ ರಾಜ್ಯಕ್ಕೆ ಮೂರನೆಯವನಾದ. ಒಂಬತ್ತು ನಿಮಿಷ ಹದಿನಾಲ್ಕು ಸೆಕೆಂಡು, ಬರಿಗಾಲಿನಲ್ಲಿ. ಅದಕ್ಕೆ ರಾತ್ರಿಯ ಊಟ ಬಿಟ್ಟ. ಮೂರನೆಯ ಸ್ಥಾನಕ್ಕೆ ಇಷ್ಟು ಯಾಕೆ ಎಂದು ಗೆಳೆಯರು ಚೇಷ್ಟೆ ಮಾಡಿದರೆ, ಮೊದಲ ಸ್ಥಾನಕ್ಕಾಗಿ ಇನ್ನೂ ಏನೋ ಯೋಚಿಸಿ ಇಟ್ಟುಕೊಂಡಿದ್ದೆ ಎಂದನಂತೆ.

ಇಲ್ಲಿ ನನ್ನ ಪಾಲಿನದನ್ನು ಮುಚ್ಚಿಡಬಾರದು. ಅವನು ಹಾಲು ಮೊಸರು ಬಿಟ್ಟ ಸುದ್ದಿ ಶಾಲೆಯಲ್ಲೆಲ್ಲ ಹರಡಿದಾಗ, ಸೋಮವಾರದ ಪ್ರಾರ್ಥನೆಯ ವೇಳೆ ಅವನನ್ನು ಮುಂದೆ ಕರೆಸಿ, ಮುನ್ನೂರು ಮಕ್ಕಳ ಎದುರು ನಿಲ್ಲಿಸಿಕೊಂಡು ನಾನು ಇಂದ್ರಿಯನಿಗ್ರಹದ ಮೇಲೆ ಕಾಲು ಗಂಟೆ ಮಾತಾಡಿದೆ. ಬಿಡಲು ಕಲಿತವನಿಗೇ ಗೆಲ್ಲಲು ಬರುತ್ತದೆ ಎಂದೆ. ಮಾತು ನನಗೇ ಎಷ್ಟು ಇಷ್ಟವಾಯಿತೆಂದರೆ ಅದನ್ನು ಸೂಚನಾಫಲಕದ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೂ ಇಟ್ಟೆ. ಮೂಳೆ ಬಲಿಯುವ ವಯಸ್ಸಿನ ಹುಡುಗನೊಬ್ಬ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಓಡಿ ಎರಡು ರೊಟ್ಟಿ ತಿಂದು ಮಲಗುತ್ತಿದ್ದಾನೆ ಎಂಬುದು ಅಲಂಕಾರಶಾಸ್ತ್ರ ಓದಿದ ನನ್ನ ತಲೆಗೆ ಬರಲೇ ಇಲ್ಲ.

ಪಿಯುಸಿಗೆ ಹಾವೇರಿಗೆ ಹೋಗಿ ಹಾಸ್ಟೆಲು ಸೇರಿದ. ಮೊದಲ ವರ್ಷ ಜಿಲ್ಲಾ ಕೂಟ ಗೆದ್ದು ಬೇಳೆಕಾಳು ಬಿಟ್ಟ. ಅದೇ ಅವನ ಕೊನೆಯ ಗೆಲುವು. ಅಲ್ಲಿಯೇ ಬಿ.ಎ. ಸೇರಿದ ಮೇಲೆ ಐದು ಸಾವಿರ ಮೀಟರು ಓಡತೊಡಗಿದ. ಮೊದಲ ವರ್ಷ ಹದಿನಾರು ನಿಮಿಷ ಹತ್ತು ಸೆಕೆಂಡು ತೆಗೆದುಕೊಂಡ, ಆರು ತಿಂಗಳ ಅನಂತರ ಅದು ಹದಿನಾರೂಮುಕ್ಕಾಲು ನಿಮಿಷವಾಯಿತು. ಹೈಸ್ಕೂಲಿನಲ್ಲಿ ಇವನ ಬೆನ್ನು ನೋಡಿಕೊಂಡು ಓಡಿದ ಗುತ್ತಲದ ಹುಡುಗನೊಬ್ಬ ಈಗ ಇವನಿಗೆ ತನ್ನ ಬೆನ್ನು ತೋರಿಸಿ ಮುಂದೆ ಹೋದ. ಹೀಗಾಗುವುದಕ್ಕೆ ಕಾರಣಗಳು ಹಲವಿರಬಹುದು. ದೂರ ಹೆಚ್ಚಾಯಿತು, ಉಳಿದ ಹುಡುಗರು ತಡವಾಗಿ ಬಲಿತರು, ಹದಿನೈದಕ್ಕೇ ಅರಳಿದ್ದು ಇಪ್ಪತ್ತಕ್ಕೆ ಉಳಿಯುತ್ತದೆಂದು ಎಲ್ಲಿಯೂ ಬರೆದಿಲ್ಲ. ಹೊಟ್ಟೆ ತುಂಬ ಉಂಡವರೂ ಕಾಲೇಜಿನಲ್ಲಿ ಮಂಕಾದದ್ದನ್ನು ನಾನು ನೋಡಿದ್ದೇನೆ. ಆದರೆ ಅವರು ಯಾರೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿರಲಿಲ್ಲ.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಮನೋಹರ ಎಂಬವರು. ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಒಂದು ದಿನ ಹಾಸ್ಟೆಲಿನ ಊಟದ ಮನೆಗೆ ಹೋಗಿ ಇವನ ತಟ್ಟೆಯ ಎದುರು ನಿಂತುಕೊಂಡರು. ಕೈ ಅಡ್ಡ ಬರುವ ಲೀಲೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಒಂದೊಂದಾಗಿ ಕಾರಣ ಕೇಳಿ ತಿಳಿದುಕೊಂಡರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ನು ಎಂಟಕ್ಕೆ ಇಳಿದಿತ್ತು. ಎದುರಿಗೇ ವಿಶ್ವವಿದ್ಯಾಲಯ ತಂಡದ ಆಯ್ಕೆ ಇತ್ತು, ಮೂರು ತಿಂಗಳು ದೂರದಲ್ಲಿ. ಮೊದಲ ನಾಲ್ವರಲ್ಲಿ ಬಂದರೆ ಅಂತರ ವಿಶ್ವವಿದ್ಯಾಲಯ ಕೂಟ, ಅಲ್ಲಿಯ ಪ್ರಮಾಣಪತ್ರದ ಮೇಲೆ ಪೊಲೀಸಿನಲ್ಲೋ ರೈಲ್ವೆಯಲ್ಲೋ ಕ್ರೀಡಾ ಕೋಟಾದ ನೌಕರಿ. ತೊಟ್ಟು ಬಿಡಿಸುವ ತಾಯಿಯ ಮಗನಿಗೆ ಅದಕ್ಕಿಂತ ದೊಡ್ಡ ಬಾಗಿಲು ಇರಲಿಲ್ಲ. ಮೂರು ತಿಂಗಳು ಸರಿಯಾಗಿ ಉಂಡರೆ ಇವನು ನಾಲ್ವರಲ್ಲಿ ಬಂದೇ ಬರುತ್ತಾನೆ, ಉಣ್ಣದಿದ್ದರೆ ಓಟ ಇಲ್ಲಿಗೆ ಮುಗಿಯಿತು ಎಂದು ಮನೋಹರ ಸ್ಪಷ್ಟವಾಗಿ ಹೇಳಿದರು. ಕಾಂತೇಶ ತಲೆ ತಗ್ಗಿಸಿಕೊಂಡು ಕೇಳಿದ, ಮರುದಿನವೂ ಕೈ ಅಡ್ಡ ಹಿಡಿದ.

ಮನೋಹರ ಬ್ಯಾಡಗಿಗೆ ಬಂದು ಶಾಬುದ್ದೀನರನ್ನೂ ನನ್ನನ್ನೂ ತರಾಟೆಗೆ ತೆಗೆದುಕೊಂಡರು. ಹುಡುಗನ ಗುರುಗಳು ನೀವು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದರು. ನಾನು ಸೂಚನಾಫಲಕದ ವಿಷಯ ಹೇಳಲಿಲ್ಲ. ಶಾಬುದ್ದೀನರು ಮಾತ್ರ ತಮ್ಮ ಬೇಗುದಿಯನ್ನು ಬಿಚ್ಚಿ ಹೇಳಿದರು.

'ನಾನೂ ರೋಜಾ ಉಪವಾಸ ಹಿಡಿಯಾಂವ ಅದೀನ್ರಿ. ಮತ್ತೊಬ್ಬರ ದೇವರ ಹೆಸರಲೆ ಹಿಡಿದಿದ್ದನ್ನ ಮುರಿ ಅಂತ ನಾ ಹೆಂಗ ಹೇಳ್ಲಿ? ಆದ್ರ ಒಂದು ಮಾತೈತಿ. ನಮ್ಮ ರೋಜಾಕ್ಕ ಸಂಜಿ ಅನ್ನೂದು ಒಂದೈತಿ. ಈ ಹುಡುಗನ ಹರಕಿಗೆ ಸಂಜೀನ ಇಲ್ಲ.'

ನಾಲ್ವರೂ ಸೇರಿ ಕದರಮಂಡಲಗಿಗೆ ಹೋದೆವು, ನಾಲ್ಕನೆಯವನು ಕಾಂತೇಶನೇ. ಉಚ್ಚಂಗೆವ್ವ ಎಲ್ಲವನ್ನೂ ಕೇಳಿದಳು. ಮೊದಲ ಹರಕೆ ತಾನೇ ಹೇಳಿಕೊಟ್ಟದ್ದು ಎಂಬುದು ಆಕೆಯನ್ನು ಒಳಗೊಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ಮನೆಯ ದೇವರ ಜಗಲಿಯ ಮೇಲಿನ ಹನುಮಪ್ಪನ ಎರಡೂ ಭುಜಕ್ಕೆ ಹೂ ಏರಿಸಿ, ಮಗನ ಹರಕೆಗಳನ್ನೆಲ್ಲ ಬಿಡುಗಡೆ ಮಾಡುವುದಾದರೆ ಬಲಗಡೆಯ ಹೂ ಕೊಡು ಎಂದು ಬೇಡಿಕೊಂಡಳು. ನಾನು ಇಂಥದ್ದನ್ನು ನಂಬುವವನಲ್ಲ, ಆದರೂ ಉಸಿರು ಬಿಗಿಹಿಡಿದಿದ್ದೆ. ಬಲಗಡೆಯ ಹೂ ಬಿತ್ತು. ಆಕೆ ಅಳುತ್ತಲೇ ಒಳಗೆ ಹೋಗಿ ಒಂದು ಗಿಂಡಿ ಹಾಲು ತಂದು ಮಗನ ಮುಂದೆ ಇಟ್ಟಳು.

ಕಾಂತೇಶ ಹಾಲಿನತ್ತ ನೋಡಿದ. ನೋಡಿದ ರೀತಿಯಿಂದ ಅವನಿಗೆ ಅದು ಎಷ್ಟು ಬೇಕಾಗಿತ್ತೆಂದು ನಮಗೆಲ್ಲ ತಿಳಿಯಿತು.

'ಹನುಮಪ್ಪ ಒಪ್ಪಿದ್ರ ಒಪ್ಪಲಿ ಬೇ. ಮಾತು ಕೊಟ್ಟಾಂವ ನಾನು,' ಎಂದ. ಆಮೇಲೆ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಪಾಠ ಒಪ್ಪಿಸುವ ಹುಡುಗನ ದನಿ. 'ಪ್ರಾರ್ಥನಾದಾಗ ನೀವ ಹೇಳಿದ್ರಿ ಸರ್, ಬಿಡಾಕ ಕಲತಾಂವಗ ಗೆಲ್ಲಾಕ ಬರ್ತೈತಿ ಅಂತ. ನಾ ಅದನ್ನ ಮರತಿಲ್ರಿ.'

ಮನೋಹರ ನನ್ನ ಮುಖ ನೋಡಿದರು. ನಾನು ಅದು ಮಾತಿನ ಭರದಲ್ಲಿ ಹೇಳಿದ್ದೆಂದೂ, ಅದರ ಅರ್ಥ ಬೇರೆಯಿತ್ತೆಂದೂ ಏನೇನೋ ತಡವರಿಸಿದೆ. ಒಮ್ಮೆ ಮುನ್ನೂರು ಜನರ ಎದುರು ಹೇಳಿದ್ದನ್ನು ಒಂದು ಕೋಣೆಯಲ್ಲಿ ಕುಳಿತು ಹಿಂತೆಗೆದುಕೊಳ್ಳಲು ಬರುವುದಿಲ್ಲ ಎಂಬುದು ಆ ದಿನ ನನಗೆ ತಿಳಿಯಿತು. ಹಾಲು ಕೆನೆಗಟ್ಟಿತು. ನಾವು ಸಂಜೆಯ ಬಸ್ಸಿಗೆ ಮರಳಿದೆವು.

ಆಯ್ಕೆಯ ದಿನ ನಾನು ಹೋಗಿದ್ದೆ. ಹೋಗದೆ ಇರಲು ಮನಸ್ಸು ಒಪ್ಪಲಿಲ್ಲ. ಹನ್ನೆರಡೂವರೆ ಸುತ್ತಿನ ಓಟ. ಆರು ಸುತ್ತಿನವರೆಗೆ ಕಾಂತೇಶ ಮೊದಲ ಮೂವರಲ್ಲಿದ್ದ, ಅದೇ ಹಗುರ ಹೆಜ್ಜೆ, ಅದೇ ತೆರೆದ ಬಾಯಿ, ನನಗೆ ಬ್ಯಾಡಗಿಯ ರಸ್ತೆಯೇ ಕಣ್ಣಿಗೆ ಕಟ್ಟಿತು. ಏಳನೆಯದರಲ್ಲಿ ಐದನೆಯವನಾದ, ಎಂಟನೆಯದರಲ್ಲಿ ಹನ್ನೊಂದನೆಯವನಾದ. ಒಂಬತ್ತನೆಯ ಸುತ್ತು ಅರ್ಧಕ್ಕೆ ಬಂದಾಗ, ಬೀಳಲಿಲ್ಲ, ಎಡವಲಿಲ್ಲ; ರಸ್ತೆಯಿಂದ ಹೊಲದ ಬದುವಿಗೆ ಇಳಿಯುವವನಂತೆ ಸಾವಕಾಶವಾಗಿ ಒಳಗಿನ ಹುಲ್ಲಿಗೆ ಇಳಿದು ನಡೆಯತೊಡಗಿದ. ನೀರು ಕುಡಿದ, ಮುಖ ತೊಳೆದುಕೊಂಡ. ಆಮೇಲೆ ಮಾಡಿದ್ದೇ ವಿಚಿತ್ರ: ಗೆರೆಯ ಪಕ್ಕಕ್ಕೆ ಬಂದು ನಿಂತು, ಓಡುತ್ತಿದ್ದವರಿಗೆಲ್ಲ ಇನ್ನೆಷ್ಟು ಸುತ್ತು ಉಳಿದಿವೆ ಎಂದು ಕೂಗಿ ಹೇಳತೊಡಗಿದ. ಗುತ್ತಲದ ಹುಡುಗ ಮೂರನೆಯವನಾಗಿ ಬಂದಾಗ ಅವನನ್ನು ಮೊದಲು ಹಿಡಿದುಕೊಂಡವನು ಇವನೇ. ಮನೋಹರ ತಮ್ಮ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅಲ್ಲಿಂದ ಮುಂದೆ ಕಾಂತೇಶನ ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ.

ಅವನು ಬೆಳೆದು ತಿಳಿದವನಾದ ಮೇಲಾದರೂ ಹರಕೆ ಸಡಿಲಿಸಿದನೇ ಎಂದರೆ ಇಲ್ಲ. ಸಡಿಲಿಸಿದರೆ ಹಿಂದಿನ ಗೆಲುವುಗಳು ಸುಳ್ಳಾಗುತ್ತವೆ ಎಂಬ ಭಯವೋ, ಕೊಟ್ಟ ಮಾತಿನ ಹಟವೋ, ನಾನು ಕೆದಕಿ ಕೇಳಿಲ್ಲ. ಆದರೆ ಓಟವನ್ನು ಅವನು ಬಿಟ್ಟಿರಲಿಲ್ಲ. ರಾಣೆಬೆನ್ನೂರಿನ ಹಲಗೇರಿ ರಸ್ತೆಯ ಮೈದಾನದಲ್ಲಿ ದಿನವೂ ಮುಂಜಾನೆ, ಅಂಗಡಿ ತೆರೆಯುವ ಮುಂಚೆ, ಯಾರ ಜೊತೆಗೂ ಪೈಪೋಟಿಯಿಲ್ಲದೆ ಹತ್ತು ಸುತ್ತು ಓಡುತ್ತಿದ್ದ. ನಿಧಾನದ ಓಟವೇ. ಆದರೂ ವಾಕಿಂಗಿಗೆ ಬಂದ ನಾವು ಮುದುಕರು ಮಾತು ನಿಲ್ಲಿಸಿ ನೋಡುತ್ತಿದ್ದೆವು. ಆ ಹತ್ತು ಸುತ್ತಿನಲ್ಲಿ ಮಾತ್ರ ಅವನ ಮುಖದಲ್ಲಿ 'ಸಾಕಲ್ರಿ' ಇರುತ್ತಿರಲಿಲ್ಲ. ಕ್ರಮೇಣ ಸುತ್ತಲಿನ ಹಳ್ಳಿಯ ಏಳೆಂಟು ಮಕ್ಕಳು ಅವನ ಹಿಂದೆ ಓಡಲು ಬಂದರು. ಕೇಳದೆಯೇ ಅವನು ಅವರ ಗುರುವಾದ. ಪ್ರತಿಯೊಬ್ಬರ ಬುತ್ತಿಯನ್ನು ಬಿಚ್ಚಿ ನೋಡುವುದು ಅವನ ಮೊದಲ ಪಾಠ. ಶೇಂಗಾ ಉಂಡಿ ಇಲ್ಲದ ಬುತ್ತಿಯವರಿಗೆ ತಾನೇ ತಂದು ಕೊಡುತ್ತಿದ್ದ. ತಿನ್ನುವವರೆಗೆ ಎದುರಿಗೆ ಕೂತಿರುತ್ತಿದ್ದ.

ಅವರಲ್ಲಿ ಹಲಗೇರಿಯ ದೀಪಿಕಾ ಎಂಬ ಹುಡುಗಿ ಈ ವರ್ಷ ತಾಲೂಕು ಕೂಟದಲ್ಲಿ ಗೆದ್ದಳು. ಎಂಟನೆಯ ಇಯತ್ತೆ, ಉದ್ದ ಕಾಲು, ಓಡುವಾಗ ಬಾಯಿ ತೆರೆದುಕೊಳ್ಳುತ್ತಾಳೆ. ಮರುದಿನ ಮುಂಜಾನೆ ಅವನು ಸಂಭ್ರಮದಿಂದ ಒಂದು ಬಾಟಲಿ ಹಾಲು, ಬಾಳೆಹಣ್ಣು ತಂದಿದ್ದ. ಹುಡುಗಿ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಗೆದ್ದರೆ ಹಾಲು ಬಿಡುತ್ತೇನೆಂದು ದೇವರ ಮುಂದೆ ಬೇಡಿಕೊಂಡಿದ್ದಳಂತೆ. ಯಾರು ಹೇಳಿಕೊಟ್ಟರೆಂದು ಕೇಳಿದರೆ ಯಾರೂ ಇಲ್ಲ. ಸರ್ ಬಿಟ್ಟಿದ್ದಾರಲ್ಲ, ಅದಕ್ಕೇ ಎಂದಳು.

ಕಾಂತೇಶನ ಮುಖ ಬಿಳಿಚಿಕೊಂಡಿತು. ಅಷ್ಟು ದೂರದ ಕಟ್ಟೆಯ ಮೇಲೆ ಕುಳಿತಿದ್ದ ನನಗೂ ಅದು ಕಂಡಿತು. ಹಾಲಿನ ಬಾಟಲಿ ಹಿಡಿದುಕೊಂಡೇ ಅವಳ ಎದುರು ಮೊಣಕಾಲೂರಿ ಕುಳಿತ.

'ನಿನ್ನ ಹರಕಿ ನಾ ತೀರಿಸ್ತೇನಿ. ದೇವರಿಗೆ ನಾ ಹೇಳ್ತೇನಿ. ನೀ ಕುಡಿ ತಂಗಿ.'

ಅವಳು ಅನುಮಾನಿಸುತ್ತ ಕುಡಿದಳು, ಬಾಟಲಿ ಬರಿದಾಗುವವರೆಗೆ ಅವನು ಏಳಲಿಲ್ಲ.

ಅದರ ಮಾರನೆಯ ದಿನದಿಂದ ಮಕ್ಕಳು ಓಡುವಾಗ ಅವನು ಗೆರೆಯ ಪಕ್ಕ ನಿಂತಿರುತ್ತಿದ್ದ. ಮೊದಲೆರಡು ದಿನ ಕಾಲು ಉಳುಕಿರಬೇಕೆಂದುಕೊಂಡೆ. ನಾಲ್ಕನೆಯ ದಿನ ಹತ್ತಿರ ಹೋಗಿ ಕೇಳಿದೆ.

'ಆಕಿ ಹರಕಿಗೆ ತಿನ್ನೂದರಾಗ ಬಿಡಾಕ ನನ್ನ ಕಡೆ ಏನೂ ಉಳದಿದ್ದಿಲ್ರಿ ಸರ್,' ಎಂದ ಕಾಂತೇಶ. 'ಓಡೂದನ್ನ ಬಿಟ್ಟೇನಿ.'

ಮೈದಾನದಲ್ಲಿ ದೀಪಿಕಾ ಮೂರನೆಯ ಸುತ್ತಿನಲ್ಲಿದ್ದಳು. ಅವನು ಅವಳಿಗೆ ಕೈ ಸಡಿಲ ಬಿಡು ಎಂದು ಕೂಗಿ ಹೇಳಿದ. ಸೂಚನಾಫಲಕದ ಮಾತನ್ನು ಈಗಲಾದರೂ ತಪ್ಪೆಂದು ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ. ಅವನ ಗಮನ ನನ್ನ ಕಡೆ ಇರಲಿಲ್ಲ.

ಮಾಸ್ತರಿಕೆಯ ಮೂವತ್ತು ವರ್ಷಗಳಲ್ಲಿ ಇಂಥವರನ್ನು ಇನ್ನೂ ನಾಲ್ಕಾರು ಮಂದಿ ಕಂಡಿದ್ದೇನೆ, ಹೈಸ್ಕೂಲಿನಲ್ಲಿ ಮಿಂಚಿ ಕಾಲೇಜಿನಲ್ಲಿ ಕಾಣದಾದವರನ್ನು. ಒಬ್ಬೊಬ್ಬರ ಕಾರಣ ಒಂದೊಂದು. ಆದರೆ ಒಂದು ಮಾತು ಅವರೆಲ್ಲರಿಗೂ ಸಲ್ಲುತ್ತದೆ: ತಮಗೆ ಒಲಿದದ್ದು ತಮ್ಮದೇ ಎಂದು ನಂಬುವ ಧೈರ್ಯ ಅವರಿಗಿರುವುದಿಲ್ಲ, ಯಾರದೋ ವಸ್ತು ಕೈಗೆ ಬಂದಿದೆ, ಅದಕ್ಕೆ ಬದಲಾಗಿ ಏನಾದರೂ ಕೊಡುತ್ತಲೇ ಇರಬೇಕು ಎಂದು ಅಂಜುತ್ತಾರೆ. ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟುವ ನಾವು ಅವರ ಓಟಕ್ಕಿಂತ ಅವರ ತ್ಯಾಗವನ್ನೇ ಹೆಚ್ಚು ಕೊಂಡಾಡುತ್ತೇವೆ, ಯಾಕೆಂದರೆ ಅದರಲ್ಲಿ ನಮ್ಮ ಹೊಟ್ಟೆಗೆ ಏನೂ ಕಡಿಮೆಯಾಗುವುದಿಲ್ಲ. ನಿನ್ನ ಕಾಲು ಗಟ್ಟಿ ಇವೆ, ಅದಕ್ಕೇ ಗೆದ್ದೆ, ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣು ಎಂದು ಆ ಸೋಮವಾರ ಹೇಳಿದ್ದರೆ ಸಾಕಾಗುತ್ತಿತ್ತು. ನನಗೆ ಅದು ಹೊಳೆಯಲಿಲ್ಲ.